ಕರೆದವರು ಇಡುವ ತನಕ

ಪೈಸಾಂದು,
ಜುಲೈ ೨೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮ ವಾಲ್ಡೆಮಾರ್,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಮೊಂತೆವಿದೇಯೊದಲ್ಲಿ ಈ ಸಲದ ಚಳಿ ಮೂಳೆಗೇ ಇಳಿಯುತ್ತಿದೆ ಎಂದು ರೇಡಿಯೊದವರು ದಿನವೂ ಹೆದರಿಸುತ್ತಿದ್ದಾರೆ. ಮಬೆಲ್‌ಳ ರಕ್ತದೊತ್ತಡ ಹತೋಟಿಯಲ್ಲಿದೆಯೇ? ಉಪ್ಪು ಬಿಟ್ಟಿದ್ದಾಳೋ, ಇಲ್ಲಾ ಬಿಟ್ಟಿದ್ದೇನೆ ಎಂದು ಗಂಡನಿಗೆ ಹೇಳಿ ಅಡುಗೆಮನೆಯಲ್ಲಿ ನಿಂತು ಸಲಾಮಿ ತಿನ್ನುತ್ತಿದ್ದಾಳೋ? ನಾನು ಚೆನ್ನಾಗಿಯೇ ಇದ್ದೇನೆ. ಸೊಂಟ ಮಳೆಯ ಮುನ್ನಾದಿನವೇ ಸುದ್ದಿ ಕೊಡುತ್ತದೆ, ಹವಾಮಾನದವರಿಗಿಂತ ವಾಸಿ. ಇವತ್ತು ಇಪ್ಪತ್ತೊಂಬತ್ತನೇ ತಾರೀಖಲ್ಲವೇ, ತಿಂಗಳ ವಾಡಿಕೆಯಂತೆ ಪಕ್ಕದ ಮನೆಯ ಓಲ್ಗಾ ನ್ಯೋಕಿ ಕಡುಬು ಮಾಡಿ ತಂದಿದ್ದಳು. ಆಲೂಗಡ್ಡೆ ಸರಿಯಾಗಿ ಬೆಂದಿರಲಿಲ್ಲ, ಹಿಟ್ಟು ಜಾಸ್ತಿ. ತಿಂಗಳಿಡೀ ಕೈ ಬರಿದಾಗದಿರಲಿ ಎಂದು ತಟ್ಟೆಯಡಿ ನಾಣ್ಯವನ್ನೂ ಅವಳೇ ಇಟ್ಟಳು, ಹೋಗುವಾಗ ಆ ನಾಣ್ಯವನ್ನು ಅವಳೇ ಎತ್ತಿಕೊಂಡಳು. ಸದ್ದು ಕೇಳಿಸಿತು.

ಲಕೋಟೆ ಒಡೆದು ಹಾಳೆಯ ಮೇಲೆ ಕೈ ಆಡಿಸಿದಾಗ ನೀನು ಬೆಚ್ಚಿಬಿದ್ದಿರಬೇಕು. ಹೌದು, ಬ್ರೈಲ್. ಅಪ್ಪ ಕೊಡಿಸಿದ ಅದೇ ಕಬ್ಬಿಣದ ಚೌಕಟ್ಟು, ಅದೇ ಚುಚ್ಚುಮೊಳೆ, ಕಪಾಟಿನಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದೆ. "ಬ್ರೈಲು ಅಂದ್ರೆ ಗುಜರಿ ಕಣೆ ಅಕ್ಕಾ, ಅದನ್ನ ಸಂಗ್ರಹಾಲಯಕ್ಕೆ ಕೊಡು" ಎಂದಿದ್ದೆಯಲ್ಲ, ಕೊಡಲಿಲ್ಲ. ಬಲಗಡೆಯಿಂದ ಎಡಕ್ಕೆ ಚುಚ್ಚುತ್ತ ಹೋಗುವುದು ಕೈಗೆ ಮರೆತಿಲ್ಲ, ಆದರೆ ಹೆಬ್ಬೆರಳು ಈಗಲೇ ಉರಿಯುತ್ತಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ದಪ್ಪ ಕಾಗದ ಎಲ್ಲೂ ಸಿಗದೆ ಔಷಧಿ ಅಂಗಡಿಯವರ ಕ್ಯಾಲೆಂಡರ್ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ, ಹಿಂಬದಿಯಲ್ಲಿ ಕುದುರೆಗಳ ಚಿತ್ರವಿದೆಯಂತೆ. ಮಬೆಲ್ ನೋಡಿ ಸಂತೋಷಪಡಲಿ. ನಾನು ಬರೆದ ಹಾಳೆಯ ಮೇಲೆ ಓಲ್ಗಾ ಬೆರಳಾಡಿಸಿ "ಉಪ್ಪು ಬಿಸ್ಕತ್ತಿನ ಥರ ಇದೆ" ಎಂದು ಹೇಳಿ ಹೋದಳು. ಒಳ್ಳೆಯದೇ ಆಯಿತು. ಈ ಬೀದಿಯಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ. ಕುರುಡರ ಕಾಗದಕ್ಕೆ ಅಂಚೆಚೀಟಿ ಬೇಡ ಎಂಬುದನ್ನು ಅಂಚೆ ಕಚೇರಿಯ ಹೊಸ ಹುಡುಗಿಗೆ ನಾನೇ ತಿಳಿಸಿ ಹೇಳಬೇಕಾಗಬಹುದು, ನಾಳೆ ಅದೊಂದು ಕೆಲಸ. ಚುಚ್ಚುತ್ತ ಕೂತಾಗ ಶಾಲೆಯ ಸಭಾಂಗಣದ ಬೆಂಚು ನೆನಪಾಯಿತು. ಜುಲೈ ಹದಿನೆಂಟರ ಸಂವಿಧಾನ ದಿನದ ಆ ಮುಗಿಯದ ಭಾಷಣ, ಉಸಿರು ಬಿಟ್ಟರೂ ಶಿಕ್ಷೆ. ನೀನು ಪಕ್ಕದಲ್ಲಿ ಕೂತು ಎರಡೂ ಕೈಗಳ ಮೂರು ಮೂರು ಬೆರಳನ್ನು ನನ್ನ ಬೆರಳುಗಳ ಮೇಲಿಟ್ಟು, ಆರು ಚುಕ್ಕಿಗೆ ಆರು ಬೆರಳು, ಒತ್ತಿ ಒತ್ತಿ ಮಾತಾಡುತ್ತಿದ್ದೆ. ಮುಖ್ಯೋಪಾಧ್ಯಾಯರ ಹೊಟ್ಟೆ ಗುಡುಗುಟ್ಟುವ ವಿಷಯ ಒತ್ತಿ ಹೇಳಿದವನು ನೀನು, ನಕ್ಕು ಹೊರಗೆ ನಿಂತವಳು ನಾನು.

ಇರಲಿ, ವಿಷಯಕ್ಕೆ ಬರುತ್ತೇನೆ. ಮೊನ್ನೆ ಭಾನುವಾರ ನೀನು ಹೇಳಿದ್ದು ಹೀಗೆ: "ಅಕ್ಕಾ, ಈ ದರಿದ್ರ ಫೋನು ಸರಿಹೋಗಲ್ಲ. ಇನ್ಮೇಲೆ ಭಾನುವಾರದ ಫೋನು ಬೇಡ ಬಿಡು. ಹೊಸ ವರ್ಷಕ್ಕೆ ಯಾರಾದ್ರೂ ಮಾಡಿಕೊಟ್ರೆ ಮಾತಾಡೋಣ." ನೀನು ಬಂದರಿನ ಕಚೇರಿಯ ಟೆಲಿಫೋನ್ ಬೋರ್ಡಿನಲ್ಲಿ ಕೂರಲು ಮೊಂತೆವಿದೇಯೊಗೆ ಹೋದ ವರ್ಷದಿಂದ ಭಾನುವಾರದ ಕರೆ ನಿಂತಿಲ್ಲ. ಮನೆಯಲ್ಲಿ ಫೋನ್ ಇಲ್ಲದಿದ್ದ ಕಾಲಕ್ಕೆ ನೀನು ಮೂಲೆಯ ಬಾರಿನಿಂದ ಮಾಡುತ್ತಿದ್ದೆ, ಹಿಂದೆ ಕುಡುಕರು ಹಾಡುತ್ತಿದ್ದರು. ನೀನು ಕರೆಯುವುದು ಒಂದೇ ಒಂದು ಭಾನುವಾರ ತಪ್ಪಿದ್ದು ಅಮ್ಮ ತೀರಿಕೊಂಡಾಗ, ಅದೂ ನಾವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದದ್ದರಿಂದ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಆಸ್ಪತ್ರೆಯ ಬೋರ್ಡಿನ ಕೆಲಸವೂ ಮುಗಿಯಿತು. ಉಳಿದಿರುವುದು ನೀನು, ನೀನು ಎಂದರೆ ಆ ಕರೆ. ಅತ್ತುಕೊಂಡು ಬರೆಯುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹಾಗಾಗಿ ಫೋನ್ ಸರಿಯಿಲ್ಲ ಎಂಬ ನಿನ್ನ ದೂರನ್ನು ಕೂತು ವಿಚಾರಿಸುವುದು ನನಗೆ ಅಗತ್ಯವಾಯಿತು.

ಫೋನಿನ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ನೀನು ಎರ್ಸಿಲಿಯಾ ಅತ್ತೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಪ್ಪನ ಆ ಅಕ್ಕನ ಹಾಗೆಯೇ ಇದೂ ಇಬ್ಬರು ಮಾತಾಡುವಾಗಲೇ ನಡುವೆ ಬಾಯಿ ಹಾಕುತ್ತದೆ. ನೀನು ಮಂಡಿಯ ನೋವು ಹೇಳಿಕೊಳ್ಳುತ್ತಿರುವಾಗ ಅದು ನನ್ನ ಕಿವಿಯಲ್ಲಿ "ಬ್ಯಾಟರಿ ಇಪ್ಪತ್ತು ಶೇಕಡಾ" ಎನ್ನುತ್ತದೆ. ಪಿಂಚಣಿ ಕಚೇರಿಗೆ ಫೋನ್ ಮಾಡಿದರೆ ಅಲ್ಲಿನ ಯಂತ್ರ ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನುತ್ತಿರುತ್ತದೆ, ನಾನು ಅಂಕಿ ಹುಡುಕಲು ಬೆರಳಿಟ್ಟರೆ ಅತ್ತೆ ಏಳು, ಎಂಟು, ಒಂಬತ್ತು ಎಂದು ಅದರ ಮೇಲೆಯೇ ಅರಚುತ್ತಾಳೆ. ಎರಡು ಯಂತ್ರಗಳ ಜಗಳದಲ್ಲಿ ನನ್ನ ಪಿಂಚಣಿ ಇನ್ನೂ ಹಳೆಯ ವಿಳಾಸಕ್ಕೇ ಹೋಗುತ್ತಿದೆ. ಕಿವಿಯಿಂದ ಫೋನ್ ತೆಗೆದರೆ ದನಿ ತಾನಾಗಿ ದೊಡ್ಡದಾಗುತ್ತದೆ ಎಂಬುದು ಮರೆತುಹೋಗಿ, ಬೇಕರಿಯ ಸಾಲಿನಲ್ಲಿ ನಿಂತಾಗ ವೈದ್ಯರ ಸಹಾಯಕಿ ನನ್ನ ಮಲಬದ್ಧತೆಯ ಬಗ್ಗೆ ಹೇಳಿದ್ದನ್ನು ಇಡೀ ಸಾಲು ಕೇಳಿಸಿಕೊಂಡಿತು. ಹಿಂದಿನಿಂದ ಯಾರೋ ಗಂಡಸು ಒಣದ್ರಾಕ್ಷಿ ಒಳ್ಳೆಯದು ಎಂದು ಮರ್ಯಾದೆಯಾಗಿಯೇ ಸಲಹೆ ಕೊಟ್ಟ.

ಕಳೆದ ಬೇಸಿಗೆಯ ಅಪ್‌ಡೇಟ್ ಬಂದ ಮೇಲೆ ಕರೆ ಎತ್ತುವ ಕ್ರಮವೇ ಬದಲಾಯಿತು, ಅದೂ ನಿಜ. ಮೊದಲೆಲ್ಲ ಎರಡು ಬೆರಳಲ್ಲಿ ಎಲ್ಲಿ ಬೇಕಾದರೂ ಎರಡು ಸಲ ತಟ್ಟಿದರೆ ಸಾಕಿತ್ತು. ಆಮೇಲೆ ಹಾಗೆ ತಟ್ಟಿದಾಗಲೆಲ್ಲ "ಈಗ ಮಾತಾಡಲಾರೆ, ಆಮೇಲೆ ಕರೆಯಿರಿ" ಎಂಬ ಸಿದ್ಧ ಸಂದೇಶ ನನ್ನ ಹೆಸರಿನಲ್ಲಿ ನಿನಗೆ ಹೋಗುತ್ತಿತ್ತು. ನಾನು ಇಲ್ಲಿ ಹಲೋ ಹಲೋ ಎನ್ನುತ್ತಿದ್ದೆ, ನೀನು ಅಲ್ಲಿ ಮುಖ ಊದಿಸಿಕೊಂಡಿದ್ದೆ. "ದೊಡ್ಡ ಮನುಷ್ಯಳಾಗಿಬಿಟ್ಟೆಯಲ್ಲೇ ಅಕ್ಕಾ, ಪುರಸೊತ್ತೇ ಇಲ್ವಂತೆ" ಎಂದು ನೀನು ಕುಟುಕಿದ ಮೇಲೆಯೇ ನನಗೆ ಗೊತ್ತಾದದ್ದು. ಆಮೇಲೆ ಓಲ್ಗಾಳ ಉಪಕಾರ. ಪರದೆಯನ್ನು ಕಪ್ಪಾಗಿಸಿ ಇಟ್ಟುಕೊಳ್ಳುವುದು ನಮ್ಮ ರೂಢಿಯಲ್ಲವೇ, ನಮಗೆ ಬೆಳಕೇಕೆ, ಬ್ಯಾಟರಿ ಉಳಿಯುತ್ತದೆ, ಬಸ್ಸಿನಲ್ಲಿ ಪಕ್ಕದವರು ಇಣುಕುವುದೂ ತಪ್ಪುತ್ತದೆ. ನಾನು ಸೊಂಟದ ವ್ಯಾಯಾಮಕ್ಕೆ ಹೋಗಿದ್ದಾಗ ಮೇಜಿನ ಮೇಲೆ ಕಪ್ಪಗೆ ಬಿದ್ದಿದ್ದ ಫೋನನ್ನು ಕಂಡು ಅವಳು, ಪಾಪ ಸತ್ತುಹೋಗಿದೆ ಎಂದು ರಿಪೇರಿಯವನ ಹತ್ತಿರ ಒಯ್ದಳು. ಆ ಫಾಬಿಯಾನ್ ಮಹಾಶಯ ಬೆಳಕು ಬರಿಸಿದ್ದಲ್ಲದೆ ಇನ್ನೊಂದು ರೋಗವನ್ನೂ ವಾಸಿ ಮಾಡಿ ಕಳಿಸಿದ. "ಒಳಗೆ ಯಾವಳೋ ಒಂದೇ ಸಮ ವಟವಟ ಅಂತಿದ್ಲು, ಅವಳ ಬಾಯೂ ಮುಚ್ಚಿಸಿದೀನಿ" ಎಂದನಂತೆ. ಆ ಭಾನುವಾರ ನಿನ್ನ ಕರೆ ಬಂದಾಗ ನನ್ನ ಕೈಯಲ್ಲಿದ್ದದ್ದು ಒಂದು ಗಾಜಿನ ತುಂಡು. ಅಂಗೈಯಿಂದ ಮೇಜು ಒರೆಸಿದ ಹಾಗೆ ಒರೆಸಿದೆ, ಮೇಲೆ ಕೆಳಗೆ ಎಲ್ಲ ತಟ್ಟಿದೆ, ಅದು ಅತ್ತು ಅತ್ತು ಸುಮ್ಮನಾಯಿತು. ನನಗೂ ಅಳು ಬಂತು, ಆಮೇಲೆ ಮಾಟೆ ಕಷಾಯಕ್ಕೆ ನೀರಿಟ್ಟೆ.

ಇವೆಲ್ಲ ನನ್ನ ಫೋನಿನ ತಪ್ಪುಗಳು, ಒಂದೊಂದನ್ನೂ ಸರಿಪಡಿಸಿಕೊಂಡೆ. ಅತ್ತೆಯ ದನಿಯನ್ನು ಕರೆಯ ಹೊತ್ತಿನಲ್ಲಿ ತಗ್ಗಿಸುವುದು ಹೇಗೆ, ಪಕ್ಕದ ಗುಂಡಿಯಿಂದಲೇ ಕರೆ ಮುಗಿಸುವುದು ಹೇಗೆ, ಎಲ್ಲ ಕಲಿತು ನಿನಗೂ ಹೇಳಿದೆ. ನಿನ್ನ ವಿಷಯ ಬೇರೆಯೇ ಆಯಿತು. ಮೊದಲು ನೀನು, ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿದೆ ಎಂದೆ. ನಾನು ಬಾಯಿಗೆ ಹತ್ತಿರ ಹಿಡಿದು ಮಾತಾಡಿದೆ. ಆಮೇಲೆ ನೀನು, ಅತ್ತೆ ನಡುವೆ ಬಾಯಿ ಹಾಕುತ್ತಾಳೆ ಎಂದೆ. ತಗ್ಗಿಸು ಎಂದು ನಾನಂದರೆ ನೀನು "ತಗ್ಗಿಸ್ದೆ, ಆದ್ರೂ ಹಾಗೇ" ಎಂದೆ. ಫೋನ್ ಕಂಪನಿ ಸರಿಯಿಲ್ಲ ಎಂದು ನೀನು ಕಂಪನಿ ಬದಲಾಯಿಸಿದೆ. ಫೋನೇ ಕೆಟ್ಟಿದೆ ಎಂದು ಹೊಸ ಫೋನ್ ಕೊಂಡೆ, ಅದೂ ಸರಿಯಿಲ್ಲ ಎಂದು ಮತ್ತೊಂದು ಕೊಂಡೆ. ನಾನು ಮಬೆಲ್‌ಳ ಆರೋಗ್ಯ ಕೇಳಿದರೆ ನೀನು ಪಂದ್ಯದ ಸುದ್ದಿ ಹೇಳಿದೆ, ಯಾಕೋ ಎಂದರೆ ಲೈನು ಕತ್ತರಿಸುತ್ತಿದೆ ಎಂದು ರೇಗಿದೆ. ಈ ಕಡೆ ನಿನ್ನ ಒಂದಕ್ಷರವೂ ಕತ್ತರಿಸುತ್ತಿರಲಿಲ್ಲ ಎಂಬುದನ್ನು ನಾನು ಆಗ ಹೇಳಲಿಲ್ಲ. ಲೈನು ಸರಿಯಿದೆಯೋ ಇಲ್ಲವೋ ಎನ್ನುವುದು ನನಗೆ ಗೊತ್ತಾಗುತ್ತದೆ, ಅಷ್ಟು ವರ್ಷ ಬೋರ್ಡಿನ ಮುಂದೆ ಕೂತವಳು. ನಿನಗೂ ಗೊತ್ತಾಗುತ್ತದೆ.

ಬೋರ್ಡು ಎಂದಾಗ ದೋನ್ಯಾ ಅಮಾಲಿಯಾ ನೆನಪಾಗುತ್ತಾರೆ. ಟೆಲಿಫೋನ್ ಕೆಲಸ ಕಲಿಸುವಾಗ ನಮ್ಮಿಬ್ಬರ ತಲೆಯ ಮೇಲೂ ಪೆನ್ಸಿಲ್ಲಿನಿಂದ ಕುಟ್ಟಿ ಎರಡು ನಿಯಮ ಕಲಿಸಿದ್ದರು. "ಕರೆದವರು ಇಡೋ ತನಕ ನೀನು ಇಡಬಾರ್ದು. ಕೇಳಿಸಿದ್ದು ಕಿವಿಯಲ್ಲೇ ಇರಬೇಕು, ಬಾಯಿಗೆ ಬರಬಾರ್ದು." ಆಸ್ಪತ್ರೆಯಲ್ಲಿ ಅದೆಷ್ಟು ಜನರ ಅಳು, ಅದೆಷ್ಟು ವೈದ್ಯರ ಸರಸ ಕೇಳಿದ್ದೇನೋ, ಒಂದನ್ನೂ ಹೊರಗೆ ಬಿಟ್ಟಿಲ್ಲ. ಇವತ್ತಿಗೂ ಫೋನಿನಲ್ಲಿ ಆ ಕಡೆಯವರು ಇಟ್ಟ ಸದ್ದು ಕೇಳುವ ತನಕ ನನ್ನ ಕೈ ಕದಲುವುದಿಲ್ಲ. ತಪ್ಪು ನಂಬರಿನವರಿಗೂ ಹಾಗೇ ಕಾಯುತ್ತೇನೆ, ಓಲ್ಗಾ ನಗುತ್ತಾಳೆ. ಮೊನ್ನೆ ಭಾನುವಾರವೂ ಕಾದೆ. ಹೊಸ ವರ್ಷಕ್ಕೆ ಮಾತಾಡೋಣ ಎಂದು ಹೇಳಿ, ಫೋನ್ ಇಟ್ಟೆ ಎಂದು ನೀನು ಅಂದುಕೊಂಡೆ, ಆದರೆ ಇಟ್ಟಿರಲಿಲ್ಲ ವಾಲ್ಡೊ. ಮೇಜಿನ ಮೇಲೆ ಇರಿಸಿದೆ ಅಷ್ಟೇ, ಕರೆ ನಡೆಯುತ್ತಲೇ ಇತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದು ಕೇಳಿಸಿತು, ಮಬೆಲ್‌ಳ ಚಪ್ಪಲಿ ಕೇಳಿಸಿತು, ನಿಮ್ಮ ಆ ಮುದಿ ಕುರ್ಚಿ ನರಳಿದ್ದು ಕೇಳಿಸಿತು. ಆಮೇಲೆ ನೀನು ಕಂಪ್ಯೂಟರ್ ತೆರೆದು ಪಂದ್ಯದ ಸುದ್ದಿ ಓದಿಸಿಕೊಳ್ಳತೊಡಗಿದೆ. ಹಲೋ ಎಂದೆ, ನಿನ್ನ ಹೆಸರು ಹಿಡಿದು ಕೂಗಿದೆ. ಸ್ವಲ್ಪ ಹೊತ್ತಿಗೆ ಮಬೆಲ್‌ಳ ಕಣ್ಣಿಗೆ ಫೋನ್ ಬಿದ್ದಿರಬೇಕು, ಅಯ್ಯೋ ಎಂದಳು, ಕಟ್ಟಾಯಿತು. ಒಂದು ಮಾತು ಹೇಳಿಬಿಡುತ್ತೇನೆ, ಆ ಕುರ್ಚಿಗೆ ಎಣ್ಣೆ ಹಾಕಿಸಿ.

ಹೇಳಬೇಕಾದ ಸುದ್ದಿ ಇಷ್ಟೇ. ಕಿತ್ತಳೆ ಈ ಸಲ ಸಿಹಿಯಾಗಿದೆ, ನದಿಯಲ್ಲಿ ನೀರು ಮೇಲೇರಿದೆ, ಕೆಳಗಿನ ಬೀದಿಯವರು ಹಾಸಿಗೆಗಳನ್ನು ಅಟ್ಟಕ್ಕೆ ಏರಿಸಿದ್ದಾರೆ. ನಮ್ಮ ಬೀದಿಗೆ ಭಯವಿಲ್ಲ. ಓಲ್ಗಾ ನಿನ್ನನ್ನು ಕೇಳಿದಳು ಎಂದು ತಿಳಿಸಬೇಕಂತೆ. ಮಬೆಲ್‌ಗೆ ನನ್ನ ಅಪ್ಪುಗೆ, ಸಲಾಮಿ ಮುಟ್ಟದಿದ್ದರೆ ಎರಡು. ಮಂಡಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ, ಸೊಗಸುಗಾರಿಕೆ ಸಾಕು. ಎಲ್ಲಿದ್ದರೂ ಬೆಚ್ಚಗಿರು ತಮ್ಮಾ, ಅಮ್ಮ ಇದ್ದಿದ್ದರೆ ತಲೆ ಮುಟ್ಟಿ ಹೇಳುತ್ತಿದ್ದಳು, ಅವಳ ಪರವಾಗಿ ನಾನು ಹೇಳುತ್ತಿದ್ದೇನೆ.

ಇಂತಿ,
ನಿನ್ನ ಅಕ್ಕ
ನೆಲಿದಾ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಉಗುರಿನಿಂದ ಕಿತ್ತು ಮತ್ತೆ ಕೂತಿದ್ದೇನೆ. ದೋನ್ಯಾ ಅಮಾಲಿಯಾ ಬಾಯಿಗೆ ಬರಬಾರದು ಎಂದರೇ ಹೊರತು ಬೆರಳಿಗೆ ಬರಬಾರದು ಎನ್ನಲಿಲ್ಲ. ನಿನ್ನ ಕಂಪ್ಯೂಟರಿನ ಅತ್ತೆ ಅವತ್ತು ಎಷ್ಟು ನಿಧಾನವಾಗಿ ಓದುತ್ತಿದ್ದಳು ವಾಲ್ಡೊ! ತಗಡಿನ ಮೇಲೆ ಜೋಳ ಸುರಿದ ಹಾಗೆ ಓದಿಸಿಕೊಂಡು, ಕಣ್ಣಿದ್ದವರಿಗೆ ಒಂದು ಪದವೂ ತಿಳಿಯಲ್ಲ ನೋಡು ಎಂದು ಜಂಬ ಕೊಚ್ಚುತ್ತಿದ್ದವನು ನೀನು. ಈಗ ಒಂದನೇ ತರಗತಿಯ ಮೇಷ್ಟ್ರ ಹಾಗೆ ಪದ ಪದ ಬಿಡಿಸಿ, ಮನೆ ಹಾರಿಹೋಗುವಷ್ಟು ಜೋರಾಗಿ ಓದಿದಳು, ಒಂದೇ ಸಾಲನ್ನು ಮತ್ತೆ ಮತ್ತೆ. ಆದರೂ ನೀನು "ಏನಂತೇ ಮಬೆಲ್?" ಎಂದೆ. ಅವಳು ಹೇಳಿದಳು. ನೀನು ಮತ್ತೆ ಏನು ಎಂದೆ. ಆಗ ಅವಳು ಕೂಗಿ ಹೇಳಿದ್ದು ನನಗೆ ಕೇಳಿಸಿತು: "ಕಿವಿ ಹೋಗ್ತಿದೆ ಅಂತ ನಿಮ್ಮಕ್ಕಂಗೆ ಹೇಳ್ಬಿಡಿ ಅಂದ್ರೆ ಕೇಳಲ್ವಲ್ಲಾ ನೀವು." ನೀನು ಹೇಳಿದೆ: "ಫೋನ್ ಕೆಟ್ಟಿದೆ ಅಂದಿದೀನಿ. ಅವಳಿಗೆ ಇರೋನು ನಾನೊಬ್ಬ, ಅದನ್ನ ಹೇಗೆ ಹೇಳ್ಲಿ." ಮಬೆಲ್‌ಳನ್ನು ಬೈಯಬೇಡ. ಅವಳು ಹೇಳಿದ್ದು ನಿನಗೆ, ಕೇಳಿಸಿಕೊಂಡದ್ದು ನಾನು.

ಕಣ್ಣಿಲ್ಲದವನಿಗೆ ಕಿವಿ ಹೋದರೆ ಏನಾಗುತ್ತದೆ ಎಂದು ನನಗೆ ಯಾರೂ ವಿವರಿಸಬೇಕಿಲ್ಲ. ಎರಡು ದಿನ ನನಗೂ ಅನ್ನ ಸೇರಲಿಲ್ಲ, ಇದನ್ನೂ ಇದ್ದ ಹಾಗೆಯೇ ಹೇಳುತ್ತಿದ್ದೇನೆ. ಆದರೆ ನೀನು ಈ ಕಾಗದವನ್ನು ಇಲ್ಲಿಯವರೆಗೆ ಓದಿದ್ದೀಯಲ್ಲ, ಇದನ್ನು ಯಾವ ಕಿವಿಯಿಂದ ಓದಿದೆ? ಅದಕ್ಕೇ ಗುಜರಿ ತೆಗೆದದ್ದು. ನನ್ನ ಊಹೆ ಸುಳ್ಳಾಗಿದ್ದರೆ ಕೂಡಲೇ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈ, ಸಂತೋಷದಿಂದ ಕೇಳುತ್ತೇನೆ. ಫೋನ್ ಬರದಿದ್ದರೆ ಆಗಸ್ಟ್ ಹತ್ತರ ಭಾನುವಾರ ಬೆಳಗಿನ ಬಸ್ಸು ಹಿಡಿಯುತ್ತೇನೆ. ನಿಲ್ದಾಣಕ್ಕೆ ಬರಲು ಮಬೆಲ್‌ಗೆ ಹೇಳು, ಈ ಕಾಗದ ಅವಳಿಗೆ ಓದಲು ಬರುವುದಿಲ್ಲ, ನೀನೇ ಬಾಯಿಬಿಟ್ಟು ಹೇಳಬೇಕು. ಶಾಲೆಯ ಬೆಂಚಿನ ಆ ಆರು ಬೆರಳಿನ ಮಾತು ಅವಳಿಗೂ ಕಲಿಸೋಣ, ಹಿಟ್ಟು ನಾದಿದ ಕೈ, ಬೇಗ ಹಿಡಿಯುತ್ತಾಳೆ. ಮೊನ್ನೆ ಕರೆದವನು ನೀನು, ಇಟ್ಟದ್ದು ಮಬೆಲ್. ನಿಯಮದ ಪ್ರಕಾರ ಆ ಕರೆ ಇನ್ನೂ ಮುಗಿದಿಲ್ಲ. ಎರಡೂ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿರು, ಬಾಗಿಲು ತೆರೆದಿರಲಿ. ನಾನು ತಟ್ಟುವುದಿಲ್ಲ.